ಟ್ರೆಲಾನಿ ಟೀಚರಿಗೆ ಏಳು ಪುಸ್ತಕಗಳಲ್ಲಿ ಇರುವ ಕೆಲಸ ಎಂತದ್ದು?

ಮಣಿಪಾಲ_ಓದು (ಪ್ರಶ್ನೆ):

ಹ್ಯಾರಿ ಪಾಟರ್ ಸರಿಯಾಗಿ ಓದಿದವರು ಉತ್ತರಿಸಿ. ಉಡುಪಿಯ ನಮ್ಮ ಓದುಗರ ಗುಂಪಿನಲ್ಲಿ ಬರುವ ಭಾನುವಾರದ ಚರ್ಚೆಗೆ ಸಿಬಿಲ್ ಟ್ರೆಲಾನಿಯ ಪಾತ್ರ ಇಟ್ಟುಕೊಂಡಿದ್ದೇವೆ. ಹಾಗ್ವರ್ಟ್ಸ್ ಶಾಲೆಯಲ್ಲಿ ಭವಿಷ್ಯ ಹೇಳುವ ವಿದ್ಯೆ ಕಲಿಸುವವಳು, ದಪ್ಪ ಕನ್ನಡಕ, ಮೈತುಂಬ ಶಾಲು, ಕುತ್ತಿಗೆ ತುಂಬ ಮಣಿಸರ. ಮೂರನೆಯ ಪುಸ್ತಕದಲ್ಲಿ ಬಂದವಳು ಏಳನೆಯದರ ತನಕ ಇರುತ್ತಾಳೆ. ಆದರೆ ಇಡೀ ಸರಣಿಯಲ್ಲಿ ಆಕೆ ನುಡಿದ ನಿಜವಾದ ಭವಿಷ್ಯ ಎರಡೇ. ಅದರಲ್ಲೂ ಒಂದು ಹ್ಯಾರಿ ಹುಟ್ಟುವ ಮೊದಲೇ ಆಗಿಹೋದದ್ದು.

ಆ ಎರಡನ್ನೂ ಒಂದು ಹಳೆಯ ಗ್ರಂಥದಲ್ಲಿ ಸಿಕ್ಕಿದ್ದು ಅಂತ ಬರೆದಿದ್ದರೂ ಕಥೆ ನಡೆಯುತ್ತಿತ್ತಲ್ಲ? ಬರೀ ನಗಿಸಲಿಕ್ಕೆ ಇಷ್ಟು ಪುಟ ಯಾಕೆ? ಇನ್ನೊಂದು, ಆ ಆವೇಶದ ಹೊತ್ತು ಬಿಟ್ಟರೆ ಉಳಿದಂತೆ ಆಕೆಗೆ ಏನಾದರೂ ಕಾಣುತ್ತದಾ, ಇಲ್ಲ ಎಲ್ಲ ಡೋಂಗಿಯಾ? ಏಳೂ ಪುಸ್ತಕ ಮತ್ತೆ ಓದಲಿಕ್ಕೆ ಆಗದವರಿಗೆ ಯಾವ ಅಧ್ಯಾಯ ಹೇಳುವುದು ಅಂತಲೂ ತಿಳಿಸಿ.

(ಸರಣಿ ಓದದವರು ಇಲ್ಲಿಗೇ ನಿಲ್ಲಿಸಿ. ಕೆಳಗೆ ಯಾರು ಸಾಯುತ್ತಾರೆ ಅನ್ನುವುದೆಲ್ಲ ಬರುತ್ತದೆ.)

ದಕ್ಕೆ_ಬಂದರ್:

ಗ್ರಂಥದಲ್ಲಿ ಇಟ್ಟಿದ್ದರೆ ಕಥೆ ಕೆಡುತ್ತಿತ್ತು. ಹಳೆ ಓಲೆಗರಿಯಲ್ಲಿ ಸಿಕ್ಕಿದ ಮಾತನ್ನು ಓದುಗ ಮೊದಲ ಸಲವೇ ನಂಬಿಬಿಡುತ್ತಾನೆ. ಟ್ರೆಲಾನಿಯನ್ನು ಯಾರೂ ನಂಬುವುದಿಲ್ಲ. ಆ ಅಪನಂಬಿಕೆಯೇ ಲೇಖಕಿಗೆ ಬೇಕಾದ ಬಂಡವಾಳ.

ಅದನ್ನು ಕೂಡಿಹಾಕುವ ಕ್ರಮ ನೋಡಿ. ಮೂರನೆಯ ಪುಸ್ತಕದ 6ನೇ ಅಧ್ಯಾಯದಲ್ಲಿ ಮೊದಲ ತರಗತಿ. ಹ್ಯಾರಿಯ ಚಹಾದ ಕಪ್ಪಿನಲ್ಲಿ ಗಿಡುಗ, ಗದೆ, ತಲೆಬುರುಡೆ, ಕಡೆಗೆ ಸಾವಿನ ಶಕುನವಾದ ಕಪ್ಪು ನಾಯಿ. ಓದುಗನಿಗೆ ಒಂದು ಗಳಿಗೆ ಹೆದರಿಕೆ. ಅದೇ ಅಧ್ಯಾಯದಲ್ಲಿ ಮೆಕ್‌ಗೊನಗಲ್ ಎಂಬ ಇನ್ನೊಬ್ಬ ಟೀಚರ್ ತಮ್ಮ ತರಗತಿಯಲ್ಲಿ, ಈಕೆ ಶಾಲೆಗೆ ಸೇರಿದಂದಿನಿಂದ ಪ್ರತಿವರ್ಷ ಒಬ್ಬ ವಿದ್ಯಾರ್ಥಿಯ ಸಾವು ಹೇಳುತ್ತಾಳೆ, ಇದುವರೆಗೆ ಒಬ್ಬರೂ ಸತ್ತಿಲ್ಲ ಅಂತ ಹೇಳಿ ಹೆದರಿಕೆಯ ಗಾಳಿ ತೆಗೆಯುತ್ತಾರೆ. ಅಲ್ಲಿಂದ ಹತ್ತು ಅಧ್ಯಾಯ ಆಕೆಯದ್ದು ನಗೆಪಾಟಲೇ. ಆಮೇಲೆ 16ನೇ ಅಧ್ಯಾಯ, ಪರೀಕ್ಷೆ. ಹ್ಯಾರಿ ಸ್ಫಟಿಕದ ಗೋಳ ನೋಡಿ ಬಾಯಿಗೆ ಬಂದದ್ದು ಹೇಳಿ ಮುಗಿಸಿ ಹೊರಡುವಾಗ ಆಕೆಯ ಮೈ ಸೆಟೆಯುತ್ತದೆ, ಬಾಯಿ ಜೋಲುತ್ತದೆ, ದನಿ ಒರಟಾಗುತ್ತದೆ. ಹನ್ನೆರಡು ವರ್ಷ ಬಂಧನದಲ್ಲಿದ್ದ ಸೇವಕ ಇವತ್ತು ಮಧ್ಯರಾತ್ರಿಯ ಒಳಗೆ ಬಿಡಿಸಿಕೊಂಡು ಯಜಮಾನನ (ಖಳನಾಯಕ ವೋಲ್ಡೆಮಾರ್ಟನ) ಹತ್ತಿರ ಹೋಗುತ್ತಾನೆ, ಯಜಮಾನ ಮತ್ತೆ ಏಳುತ್ತಾನೆ ಅಂತ. ಎಚ್ಚರವಾದಾಗ ಆಕೆಗೆ ಏನೂ ನೆನಪಿಲ್ಲ, ಬಿಸಿಲಿಗೆ ತೂಕಡಿಕೆ ಬಂತು ಅನ್ನುತ್ತಾಳೆ.

ಈಗ ಆ ಹನ್ನೆರಡು ವರ್ಷದ ಕೈಚಳಕ. ಸಿರಿಯಸ್ ಬ್ಲ್ಯಾಕ್ ಅಜ್ಕಬಾನ್ ಜೈಲಲ್ಲಿ ಕಳೆದದ್ದೂ ಹನ್ನೆರಡು ವರ್ಷ, ನಿಜವಾದ ಸೇವಕ ಪೀಟರ್ ಪೆಟಿಗ್ರ್ಯೂ ಹ್ಯಾರಿಯ ಗೆಳೆಯ ರಾನ್‌ನ ಮನೆಯ ಇಲಿಯಾಗಿ ಕಳೆದದ್ದೂ ಹನ್ನೆರಡೇ ವರ್ಷ. ಪುಸ್ತಕದ ಆರಂಭದಿಂದ ಜೈಲು ತಪ್ಪಿಸಿಕೊಂಡವ ಅಂದರೆ ಸಿರಿಯಸ್ ಅಂತ ತಲೆಗೆ ತುಂಬಿಸಿ ಆಗಿದೆ. ಹಾಗಾಗಿ ಭವಿಷ್ಯದ ಒಂದೊಂದು ಮಾತು ನಿಜವಾಗಿದ್ದರೂ ಓದುಗ ತಪ್ಪು ಮನುಷ್ಯನ ಹಿಂದೆ ಹೋಗುತ್ತಾನೆ. ಸುಳ್ಳು ಒಂದಕ್ಷರ ಇಲ್ಲದೆ ದಾರಿ ತಪ್ಪಿಸುವುದು ಸುಲಭದ ಕೆಲಸ ಅಲ್ಲ ಮಾರಾಯ್ರೆ. ಮೊದಲ ಭಾಗ ಆ ರಾತ್ರಿಯೇ ನಡೆದುಹೋಗುತ್ತದೆ, ಎರಡನೆಯ ಭಾಗಕ್ಕೆ ನಾಲ್ಕನೆಯ ಪುಸ್ತಕದ ಸ್ಮಶಾನದ ತನಕ ಕಾಯಬೇಕು.

ಇನ್ನೊಂದು ಬೀಜ ಅದೇ ಪುಸ್ತಕದ ಕೊನೆಯ 22ನೇ ಅಧ್ಯಾಯದಲ್ಲಿ ಉಂಟು. ಹ್ಯಾರಿ ಈ ಸಂಗತಿ ಹೇಳಿದಾಗ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್, ಹಾಗಾದರೆ ಆಕೆಯ ನಿಜವಾದ ಭವಿಷ್ಯಗಳ ಲೆಕ್ಕ ಎರಡಕ್ಕೆ ಬಂತು, ಸಂಬಳ ಹೆಚ್ಚಿಸಬೇಕೇನೋ ಎಂಬ ಅರ್ಥದ ತಮಾಷೆ ಮಾಡುತ್ತಾರೆ. ಎರಡು? ಮೊದಲನೆಯದು ಯಾವುದು? ಕೇಳಬೇಕಾದ ಪ್ರಶ್ನೆ, ಆದರೆ ನಗುತ್ತಾ ಪುಟ ತಿರುಗಿಸಿಬಿಡುತ್ತೇವೆ. ಆ ಪುಸ್ತಕ ಬಂದದ್ದು 1999ರಲ್ಲಿ. ಉತ್ತರ ಸಿಕ್ಕಿದ್ದು 2003ರ ಐದನೆಯ ಪುಸ್ತಕದಲ್ಲಿ, 38 ಅಧ್ಯಾಯಗಳಲ್ಲಿ 37ನೆಯದ್ದರಲ್ಲಿ. ನಗೆಯ ಒಳಗೆ ಇಟ್ಟದ್ದಕ್ಕೇ ಅದು ಅಷ್ಟು ವರ್ಷ ಕಣ್ಣಿಗೆ ಬೀಳದೆ ಉಳಿದದ್ದು.

ಅರ್ಥಗಾರಿಕೆ_ಪ್ರಿಯ:

ಮೇಲಿನವರು ಓದುಗನ ಕಡೆಯಿಂದ ಹೇಳಿದ್ದು ಸರಿ. ಕಥೆಯ ಒಳಗಿನ ಕೆಲಸ ಬೇರೆ ಉಂಟು. ಗ್ರಂಥದಲ್ಲಿದ್ದರೆ ಯಾಕೆ ಆಗುವುದಿಲ್ಲ ಅಂದರೆ, ಗ್ರಂಥವನ್ನು ಯಾರು ಬೇಕಾದರೂ ಪೂರ್ತಿ ಓದಬಹುದು. ಬಾಯಿಂದ ಬಂದ ನುಡಿಯನ್ನು ಅರ್ಧ ಕೇಳಿ ಓಡಬಹುದು. ಐದನೆಯ ಪುಸ್ತಕ ಪೂರ್ತಿ ನಿಂತದ್ದು ಈ ಅರ್ಧದ ಮೇಲೆ.

ಹಾಗ್ಸ್ ಹೆಡ್ ಎಂಬ ಮದ್ಯದಂಗಡಿಯ ಮಹಡಿ ಕೋಣೆಯಲ್ಲಿ ಟ್ರೆಲಾನಿಯ ಕೆಲಸದ ಸಂದರ್ಶನ. ಡಂಬಲ್‌ಡೋರಿಗೆ ಆ ವಿಷಯವನ್ನೇ ಶಾಲೆಯಲ್ಲಿ ಮುಂದುವರಿಸುವ ಮನಸ್ಸಿಲ್ಲ. ಈಕೆ ಹೆಸರಾಂತ ದ್ರಷ್ಟಾರೆ ಕಸಾಂಡ್ರಾ ಟ್ರೆಲಾನಿಯ ವಂಶದವಳು ಅಂತ ಮರ್ಯಾದೆಗೆ ಬಂದದ್ದು. ಇನ್ನೇನು ಎದ್ದು ಹೊರಡಬೇಕು ಅನ್ನುವಾಗ ಆ ಮೊದಲನೆಯ ಭವಿಷ್ಯದ ನುಡಿ ಬರುತ್ತದೆ. ಬಾಗಿಲ ಹೊರಗೆ ಕದ್ದು ಕೇಳುತ್ತಿದ್ದ, ಆಗ ವೋಲ್ಡೆಮಾರ್ಟನ ಕಡೆಯವನಾಗಿದ್ದ ಸ್ನೇಪ್ ಕಿವಿಗೆ ಬಿದ್ದದ್ದು ಮೊದಲ ತುಂಡು ಮಾತ್ರ: ಏಳನೆಯ ತಿಂಗಳು ಮುಗಿಯುವಾಗ ಹುಟ್ಟುವ ಮಗು, ಮೂರು ಸಲ ವೋಲ್ಡೆಮಾರ್ಟನನ್ನು ಎದುರಿಸಿದ ತಂದೆತಾಯಿ, ಅವನನ್ನು ಸೋಲಿಸುವ ಶಕ್ತಿ ಇರುವವ. ಕೇಳದೆ ಉಳಿದದ್ದು ಎಂತ ಅಂದರೆ, ಆ ಮಗುವನ್ನು ತನಗೆ ಸಮಾನ ಅಂತ ಗುರುತು ಹಾಕುವವನು ವೋಲ್ಡೆಮಾರ್ಟನೇ, ಮಗುವಿನ ಹತ್ತಿರ ಅವನಿಗೆ ಗೊತ್ತಿಲ್ಲದ ಒಂದು ಬಲ ಉಂಟು, ಮತ್ತೆ ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಕೈಯಲ್ಲೇ ಸಾಯಬೇಕು. ಕೊಲ್ಲಲಿಕ್ಕೆ ಹೋದರೆ ಎದುರಾಳಿಯನ್ನು ತಾನೇ ತಯಾರು ಮಾಡಿದ ಹಾಗೆ ಆಗುತ್ತದೆ ಎಂಬ ಎಚ್ಚರಿಕೆ ಇದ್ದದ್ದೇ ಕೇಳದ ಭಾಗದಲ್ಲಿ. ಪೂರ್ತಿ ಕೇಳಿದ್ದರೆ ವೋಲ್ಡೆಮಾರ್ಟ್ ಸ್ವಲ್ಪ ಕಾಯುತ್ತಿದ್ದ.

ನಮ್ಮ ಕಡೆಯವರಿಗೆ ಇದು ಹೊಸ ವಿಷಯ ಅಲ್ಲ. ಕಂಸನ ಪ್ರಸಂಗ ತೆಗೆದುಕೊಳ್ಳಿ. ದೇವಕಿಯ ಮದುವೆಯ ರಥ ತಾನೇ ಓಡಿಸುವಾಗ ಅಶರೀರವಾಣಿ, ಎಂಟನೆಯ ಮಗುವಿನಿಂದ ಸಾವು. ಭಾಗವತದಲ್ಲಿ ಕಂಸ ಮೊದಲನೆಯ ಮಗುವನ್ನು ವಸುದೇವನ ಕೈಗೆ ತಿರುಗಿ ಕೊಡುತ್ತಾನೆ, ಎಂಟನೆಯದಲ್ಲವಲ್ಲ ಅಂತ. ಆಮೇಲೆ ನಾರದ ಬಂದು ಸಂಶಯ ಹುಟ್ಟಿಸಿದ ಮೇಲೆಯೇ ಸೆರೆಮನೆ, ಶಿಶುಹತ್ಯೆ. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ಕಂಸನಾಗಿ ಕೂತರೆ ವಾದ ಅಲ್ಲೇ ಶುರು: ವಾಣಿ ನನ್ನನ್ನು ಕೊಂದಿತೋ, ವಾಣಿಯನ್ನು ಕೇಳಿ ನಾನು ಮಾಡಿದ್ದು ನನ್ನನ್ನು ಕೊಂದಿತೋ? ಆದರೆ ವ್ಯತ್ಯಾಸ ಮರೆಯಬೇಡಿ. ಕಂಸನಿಗೆ ಯಾವ ಮಗು ಅಂತ ಗೊತ್ತು. ವೋಲ್ಡೆಮಾರ್ಟನ ಎದುರು ಇಬ್ಬರು: ಜುಲೈ 30ಕ್ಕೆ ಹುಟ್ಟಿದ ನೆವಿಲ್ ಲಾಂಗ್‌ಬಾಟಮ್, 31ಕ್ಕೆ ಹುಟ್ಟಿದ ಹ್ಯಾರಿ. ಇಬ್ಬರ ಅಪ್ಪ ಅಮ್ಮನೂ ಮೂರು ಸಲ ಅವನನ್ನು ಎದುರಿಸಿದವರೇ. ಆರಿಸಿದ್ದು ಅವನು. ಹಾಗಾಗಿಯೇ ಮಾಂತ್ರಿಕರ ಸರ್ಕಾರದ ಭವಿಷ್ಯಗಳ ಕೋಣೆಯಲ್ಲಿ, ಈ ನುಡಿಯನ್ನು ಹಿಡಿದಿಟ್ಟ 97ನೇ ಸಾಲಿನ ಗಾಜಿನ ಗೋಳದ ಚೀಟಿಯಲ್ಲಿ ಹ್ಯಾರಿಯ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಹೆಸರು ದಾಳಿ ಆದ ಮೇಲೆ ಸೇರಿಸಿದ್ದು.

ಈ ತತ್ವವನ್ನೇ ಸಣ್ಣದಾಗಿ ಮೊದಲ ತರಗತಿಯಲ್ಲಿ ಆಡಿಸಿ ತೋರಿಸಿದ್ದಾರೆ, ಹೆಚ್ಚಿನವರು ಗಮನಿಸುವುದಿಲ್ಲ. ಟ್ರೆಲಾನಿ ನೆವಿಲಿಗೆ, ಮೊದಲನೆಯ ಕಪ್ಪು ಒಡೆದ ಮೇಲೆ ನೀಲಿ ಬಣ್ಣದ್ದು ತೆಗೆದುಕೋ, ಗುಲಾಬಿಯದ್ದು ಬೇಡ ಅನ್ನುತ್ತಾಳೆ. ಮೊದಲೇ ಹೆದರುಪುಕ್ಕಲ ಹುಡುಗ, ಆ ಮಾತು ಕೇಳಿ ಕೈ ನಡುಗಿ ಕಪ್ಪು ಬೀಳಿಸುತ್ತಾನೆ. ಕಂಡು ಹೇಳಿದಳೋ, ಹೇಳಿದ್ದಕ್ಕೆ ಆಯಿತೋ? ಆ ಹುಡುಗ ಯಾರು ನೋಡಿ, ದೊಡ್ಡ ಭವಿಷ್ಯದ ಎರಡನೆಯ ಅಭ್ಯರ್ಥಿ! ನಗೆಯ ಸಾಲು ಅಂತ ದಾಟಿಸಿದ ಜಾಗದಲ್ಲೇ ಇಡೀ ಸರಣಿಯ ಯಂತ್ರ ಕೂತಿದೆ.

ಕುಂಜಿಬೆಟ್ಟು_ಲೆಕ್ಕಪತ್ರ:

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಅಭಿಮಾನಿಗಳು ಆಕೆಯ ಸರಿಯಾದ ಭವಿಷ್ಯಗಳ ಪಟ್ಟಿಯನ್ನು ಹಿಗ್ಗಿಸುತ್ತಾರೆ. ಅಷ್ಟನ್ನೂ ಒಪ್ಪಬೇಕಾಗಿಲ್ಲ.

ಹ್ಯಾರಿಯ ಸಹಪಾಠಿ ಲ್ಯಾವೆಂಡರ್ ಹೆದರುತ್ತಿರುವ ಸಂಗತಿ ಅಕ್ಟೋಬರ್ 16ರ ಶುಕ್ರವಾರ ನಡೆಯುತ್ತದೆ ಅಂದದ್ದು. ಆ ದಿನ ಅವಳ ಮೊಲ ಸತ್ತ ಸುದ್ದಿ ಬಂತು. ಹ್ಯಾರಿಯ ಗೆಳತಿ ಹರ್ಮಾಯ್ನಿಯ ಆಕ್ಷೇಪ ಗಟ್ಟಿ: ಮೊಲ ಸತ್ತದ್ದು ಅವತ್ತಲ್ಲ, ಸುದ್ದಿ ಬಂದದ್ದು ಅವತ್ತು. ಅದು ಮರಿಮೊಲ ಬೇರೆ, ಸಾಯುತ್ತದೆ ಅಂತ ಯಾರೂ ಹೆದರಿಕೊಂಡು ಕೂತಿರಲಿಲ್ಲ. ಇದನ್ನು ಬಿಡಿ. ಈಸ್ಟರ್ ಹೊತ್ತಿಗೆ ನಮ್ಮಲ್ಲೊಬ್ಬರು ಶಾಶ್ವತವಾಗಿ ಬಿಟ್ಟುಹೋಗುತ್ತಾರೆ ಅಂದದ್ದಕ್ಕೆ ಹರ್ಮಾಯ್ನಿ ತರಗತಿ ಬಿಟ್ಟು ನಡೆದದ್ದು ಹೊಂದುತ್ತದೆ, ಅರ್ಧ ಅಂಕ ಕೊಡಬಹುದು. ಕ್ರಿಸ್‌ಮಸ್ ಊಟದಲ್ಲಿ ಹದಿಮೂರು ಜನ ಕೂತರೆ ಮೊದಲು ಎದ್ದವ ಸಾಯುತ್ತಾನೆ ಎಂಬುದಕ್ಕೆ, ರಾನ್‌ನ ಇಲಿಯನ್ನೂ ಮನುಷ್ಯ ಅಂತ ಲೆಕ್ಕಕ್ಕೆ ಹಿಡಿದು, ಆಕೆ ಬಂದಾಗ ಎದ್ದು ನಿಂತ ಡಂಬಲ್‌ಡೋರೇ ಮೊದಲು ಎದ್ದವರು ಅನ್ನುತ್ತಾರೆ. ಅವರು ಸಾಯುವುದು ಆರನೆಯ ಪುಸ್ತಕದಲ್ಲಿ. ಗಡುವು ಇಲ್ಲದ ಭವಿಷ್ಯ ಯಾವತ್ತೂ ಸುಳ್ಳಾಗುವುದಿಲ್ಲ, ಯಾಕೆಂದರೆ ಕಾದರೆ ಎಲ್ಲರೂ ಸಾಯುತ್ತಾರೆ.

ನಾನು ಪೂರ್ತಿ ಅಂಕ ಕೊಡುವುದು ಆರನೆಯ ಪುಸ್ತಕದ ಇಸ್ಪೀಟಿಗೆ. 10ನೇ ಅಧ್ಯಾಯದಲ್ಲಿ ಆಕೆ ಎಲೆ ತಿರುಗಿಸುತ್ತಾ ಕಾರಿಡಾರಿನಲ್ಲಿ ಬರುತ್ತಾಳೆ. ಘರ್ಷಣೆ, ಅಪಶಕುನ, ಹಿಂಸೆ ಅಂತ ಒಂದೊಂದೇ ಎಲೆ. ಆಮೇಲೆ ಇಸ್ಪೀಟ್ ಗುಲಾಮ: ಕಪ್ಪು ಕೂದಲ ಹುಡುಗ, ಮನಸ್ಸಲ್ಲಿ ಕಳವಳ, ಪ್ರಶ್ನೆ ಹಾಕುವವಳನ್ನು ಕಂಡರೆ ಆಗದವ. ಇದು ಸರಿ ಇಲ್ಲ ಅಂತ ಎಲೆ ಕಲಸಿ ಮುಂದೆ ಹೋಗುತ್ತಾಳೆ. ಆ ಕ್ಷಣ ಹ್ಯಾರಿ ಅಲ್ಲೇ ಒಂದು ವಿಗ್ರಹದ ಹಿಂದೆ ಅಡಗಿರುತ್ತಾನೆ. 25ನೇ ಅಧ್ಯಾಯದಲ್ಲಿ ಸಿಡಿಲು ಬಡಿದ ಗೋಪುರದ ಎಲೆ ಮತ್ತೆ ಮತ್ತೆ ಬರುತ್ತಿದೆ ಅನ್ನುತ್ತಾಳೆ. 27ನೇ ಅಧ್ಯಾಯದ ಹೆಸರೇ ಅದು, ಡಂಬಲ್‌ಡೋರ್ ಗೋಪುರದ ಮೇಲಿಂದ ಬೀಳುವುದು ಅಲ್ಲೇ.

ಇದರಿಂದ ನಾನು ಕಂಡುಕೊಂಡದ್ದು ಇಷ್ಟು. ಆಕೆಗೆ ಕಾಣುತ್ತದೆ, ಅರ್ಥ ಮಾಡಿಕೊಳ್ಳಲಿಕ್ಕೆ ಬರುವುದಿಲ್ಲ. ಚಹಾದ ಕಪ್ಪಿನಲ್ಲಿ ಕಂಡ ಕರಿ ನಾಯಿಯೂ ಹಾಗೆಯೇ. ನಿಜವಾಗಿ ಒಂದು ಕಪ್ಪು ನಾಯಿ ಹ್ಯಾರಿಯ ಬೆನ್ನ ಹಿಂದೆ ಇತ್ತು, ಅದು ಸಾವಲ್ಲ, ನಾಯಿಯ ರೂಪ ತಾಳಿದ ಸಿರಿಯಸ್. ನಾಲ್ಕನೆಯ ಪುಸ್ತಕದ 13ನೇ ಅಧ್ಯಾಯದಲ್ಲಿ ಹ್ಯಾರಿಗೆ ನೀನು ನಡುಚಳಿಗಾಲದಲ್ಲಿ ಹುಟ್ಟಿದವ ಅಲ್ಲವಾ ಅಂತ ಕೇಳುತ್ತಾಳೆ, ಅವನು ಜುಲೈ ಅನ್ನುತ್ತಾನೆ, ರಾನ್ ನಗು ತಡೆದುಕೊಳ್ಳುತ್ತಾನೆ. ವೋಲ್ಡೆಮಾರ್ಟ್ ಹುಟ್ಟಿದ್ದು ಡಿಸೆಂಬರ್ 31ಕ್ಕೆ, ಅವನ ಆತ್ಮದ ಚೂರು ಹ್ಯಾರಿಯ ಒಳಗೆ ಉಂಟು ಅಂತ ಗೊತ್ತಾಗುವುದು ಏಳನೆಯದರಲ್ಲಿ. ಹಾಗಾಗಿ ಆಕೆ ಕಂಡದ್ದು ಆ ಚೂರನ್ನು ಎಂಬುದು ಓದುಗರ ಊಹೆ. ಪುಸ್ತಕದಲ್ಲಿ ಎಲ್ಲೂ ಹೇಳಿಲ್ಲ, ಚರ್ಚೆಯಲ್ಲಿ ಸಾಬೀತಾದ ಮಾತಿನ ಹಾಗೆ ಇಡಬೇಡಿ.

ಮಣಿಪಾಲ_ಓದು:

ಎಲ್ಲರಿಗೂ ಧನ್ಯವಾದ. ಒಂದು ಉಪಪ್ರಶ್ನೆ. ಗುಂಪಿನಲ್ಲಿ ಒಬ್ಬರು ಟ್ರೆಲಾನಿಯನ್ನು ನಮ್ಮ ಪಾತ್ರಿಗೆ (ದೈವ ಮೈಮೇಲೆ ಬರುವವನಿಗೆ) ಹೋಲಿಸಬಹುದು ಅನ್ನುತ್ತಿದ್ದಾರೆ. ದರ್ಶನ ಬಂದಾಗ ದನಿ ಬದಲಾಗುವುದು ಇತ್ಯಾದಿ. ಸರಿ ಹೋಗುತ್ತದಾ?

ಅರ್ಥಗಾರಿಕೆ_ಪ್ರಿಯ:

ಮೇಲ್ನೋಟಕ್ಕೆ ಹೋಗುತ್ತದೆ, ಒಳಗೆ ಹೋಗುವುದಿಲ್ಲ. ಕೋಲದಲ್ಲಿ ದೈವದ ನುಡಿ ನಾಲ್ಕು ಜನರ ಎದುರು ಆಗುವಂಥದ್ದು. ಗುತ್ತಿನವರು, ಊರವರು ಎದುರು ನಿಂತು ದೂರು ಹೇಳುತ್ತಾರೆ, ತಿರುಗಿ ಕೇಳುತ್ತಾರೆ, ದೈವ ಉತ್ತರ ಕೊಡುತ್ತದೆ. ಅದರ ಹಿಂದೆ ನಂಬಿಕೆ ಉಂಟು, ಕಟ್ಟುಕಟ್ಟಳೆ ಉಂಟು, ಹೊಣೆ ಉಂಟು. ಟ್ರೆಲಾನಿಯ ನುಡಿಗೆ ಇದ್ದದ್ದು ಒಬ್ಬ ಕೇಳುಗ, ಬಾಗಿಲ ಹಿಂದೆ ಒಬ್ಬ ಕಳ್ಳಕಿವಿ. ತಿರುಗಿ ಕೇಳಲಿಕ್ಕೆ ಅವಕಾಶವೇ ಇಲ್ಲ. ಆಮೇಲೆ ನುಡಿದವಳಿಗೇ ವಿಷಯ ಮುಚ್ಚಿಟ್ಟರು. ಕಥೆಯಲ್ಲಿ ಆದ ಅನಾಹುತ ಎಲ್ಲ ಆ ಗುಟ್ಟಿನಿಂದಲೇ. ಹೋಲಿಕೆ ತಂದರೆ ಈ ವ್ಯತ್ಯಾಸ ಹೇಳಲಿಕ್ಕೆ ತನ್ನಿ, ಇಲ್ಲದಿದ್ದರೆ ದೈವವನ್ನು ಮಧ್ಯಕ್ಕೆ ಎಳೆಯುವುದು ಬೇಡ.

ದಕ್ಕೆ_ಬಂದರ್:

ಆ ಮುಚ್ಚಿಟ್ಟ ವಿಷಯ ಬಂದದ್ದು ಒಳ್ಳೆಯದಾಯಿತು. ಐದನೆಯ ಪುಸ್ತಕದಲ್ಲಿ ಸರ್ಕಾರ ಕಳಿಸಿದ ತಪಾಸಣೆ ಅಧಿಕಾರಿ ಅಂಬ್ರಿಜ್ ಈಕೆಯನ್ನು ಕೆಲಸದಿಂದ ತೆಗೆದಾಗ ಡಂಬಲ್‌ಡೋರ್ ಕೋಟೆಯಲ್ಲೇ ಉಳಿಸಿಕೊಳ್ಳುತ್ತಾರೆ, ಪಾಠಕ್ಕೆ ಅರ್ಧ ಮನುಷ್ಯ ಅರ್ಧ ಕುದುರೆಯಾದ ಫಿರೆಂಜಿಯನ್ನು ತರುತ್ತಾರೆ. ಓದುವಾಗ ಬರೀ ಕರುಣೆ ಅನಿಸುತ್ತದೆ. ಆರನೆಯದರ 20ನೇ ಅಧ್ಯಾಯದಲ್ಲಿ ಕಾರಣ ಹೊರಬರುತ್ತದೆ: ಹೊರಗೆ ಹೋದರೆ ತನಗೆ ಎಷ್ಟು ಅಪಾಯ ಅಂತ ಆಕೆಗೆ ಗೊತ್ತಿಲ್ಲ, ತಾನು ಆ ಭವಿಷ್ಯ ನುಡಿದದ್ದೂ ಗೊತ್ತಿಲ್ಲ. ಒಟ್ಟು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆ ಗೋಪುರದಲ್ಲಿ ಕೂರಿಸಿದ್ದು ಪಾಠ ಮಾಡಲಿಕ್ಕಲ್ಲ, ಕಾಪಾಡಲಿಕ್ಕೆ. ಆಕೆ ಮಾತ್ರ ತನ್ನ ವಿದ್ಯೆಗೆ ಸಿಕ್ಕಿದ ಗೌರವ ಅಂದುಕೊಂಡಿರುತ್ತಾಳೆ.

ಅಧ್ಯಾಯಗಳು: ಮೂರನೆಯದರ 6, 11, 16, 22. ಐದನೆಯದರ 15 (ಅಂಬ್ರಿಜ್ ತಪಾಸಣೆ), 26 (ಕೆಲಸದಿಂದ ತೆಗೆಯುವುದು), 37. ಆರನೆಯದರ 10, 20, 23, 25, 27. ಸಮಯ ತೀರಾ ಕಡಿಮೆ ಇದ್ದರೆ ಮೂರನೆಯದರ 6 ಮತ್ತು 16, ಐದರ 37, ಆರರ 23 ಮತ್ತು 25 ಸಾಕು. ಆರರ 23 ಬಿಡಬೇಡಿ. ಭವಿಷ್ಯಗಳ ಕೋಣೆಯಲ್ಲಿರುವುದೆಲ್ಲ ನಿಜವಾಗುವುದಿಲ್ಲ, ಇದಕ್ಕೆ ಬಲ ಬಂದದ್ದು ವೋಲ್ಡೆಮಾರ್ಟ್ ನಂಬಿದ್ದರಿಂದ, ನೀನು ಬೆನ್ನು ತಿರುಗಿಸಿ ಹೋಗಬಹುದಿತ್ತು ಅಂತ ಡಂಬಲ್‌ಡೋರ್ ಹ್ಯಾರಿಗೆ ಬಿಡಿಸಿ ಹೇಳುವುದು ಅಲ್ಲಿಯೇ. ಏಳನೆಯದರಲ್ಲಿ ಆಕೆಗೆ ಹೆಚ್ಚು ಕೆಲಸ ಇಲ್ಲ. 32ರಲ್ಲಿ ಯುದ್ಧದ ನಡುವೆ ಮೇಲಿಂದ ಸ್ಫಟಿಕದ ಗೋಳ ಎಸೆದು ವೋಲ್ಡೆಮಾರ್ಟನ ಕಡೆಯ ಗ್ರೇಬ್ಯಾಕ್‌ನ ತಲೆ ಒಡೆಯುತ್ತಾಳೆ, ನೋಡಲಿಕ್ಕೆ ಇಟ್ಟ ಗೋಳ ಕಡೆಗೂ ಒಂದು ಉಪಯೋಗಕ್ಕೆ ಬಂತು!

ಗುಂಪಿನಲ್ಲಿ ಕನ್ನಡದಲ್ಲೇ ಫ್ಯಾಂಟಸಿ ಬರೆಯಲು ಹೊರಟವರಿದ್ದರೆ ಅವರಿಗೆ ಒಂದು ಮಾತು. ಭವಿಷ್ಯದ ಸಾಲು ಬರೆಯುವ ಮೊದಲು ಅದನ್ನು ಯಾರು ಕೇಳುತ್ತಾರೆ, ಎಷ್ಟು ಕೇಳುತ್ತಾರೆ ಅಂತ ನಿಶ್ಚಯಿಸಿ. ಸಾಲು ಇಬ್ಬರಿಗೆ ಹೊಂದಬೇಕು, ಮತ್ತೆ ಎರಡನೆಯವನಿಗೂ ಹೊಂದುತ್ತದೆ ಎಂಬ ಆಧಾರ ಓದುಗನ ಕೈಗೆ ಮೊದಲೇ ಕೊಟ್ಟಿರಬೇಕು, ಕೊನೆಗೆ ತಂದು ತುರುಕಿದರೆ ಮೋಸ ಅನಿಸುತ್ತದೆ. ಗೆಲ್ಲುವ ಉಪಾಯವನ್ನು ಭವಿಷ್ಯದ ಒಳಗೆ ಹೇಳಬೇಡಿ. ಇಲ್ಲಿ ಅವನಿಗೆ ಗೊತ್ತಿಲ್ಲದ ಬಲ ಅಂತ ಮಾತ್ರ ಹೇಳಿ ಜಾಗ ಖಾಲಿ ಬಿಟ್ಟದ್ದರಿಂದ ಇನ್ನೆರಡು ಪುಸ್ತಕ ಬರೆಯಲಿಕ್ಕೆ ಆಯಿತು. ಹೆಚ್ಚಿನವರು ಸೋಲುವುದು ಪ್ರವಾದಿಯನ್ನು ಪದೇ ಪದೇ ಸರಿ ಮಾಡಿಸುವುದರಲ್ಲಿ. ಮೂರನೆಯ ಸಲ ಸರಿಯಾದ ಮೇಲೆ ಓದುಗ ಮುಂದಿನದ್ದನ್ನು ಕಾದು ಕೂರುತ್ತಾನೆ, ಕುತೂಹಲ ಸತ್ತುಹೋಗುತ್ತದೆ.

ಕುಂಜಿಬೆಟ್ಟು_ಲೆಕ್ಕಪತ್ರ:

ಚರ್ಚೆಯಲ್ಲಿ ಯಾರಾದರೂ ಖಂಡಿತ ಎತ್ತುವ ಒಂದು ತೊಡಕು ಉಂಟು, ತಯಾರಾಗಿ ಹೋಗಿ. ಐದನೆಯದರಲ್ಲಿ ಡಂಬಲ್‌ಡೋರ್, ಕದ್ದು ಕೇಳಿದವನು ಭವಿಷ್ಯ ಶುರುವಾಗಿ ಸ್ವಲ್ಪದರಲ್ಲೇ ಸಿಕ್ಕಿಬಿದ್ದ, ಹೊರಗೆ ಹಾಕಿದರು ಅನ್ನುತ್ತಾರೆ. ಆರರ 25ರಲ್ಲಿ ಟ್ರೆಲಾನಿ, ಸಂದರ್ಶನದ ನಡುವೆ ತನಗೆ ಏನೋ ಒಂಥರಾ ಆಯಿತು, ಅವತ್ತು ಹೆಚ್ಚು ತಿಂದಿರಲಿಲ್ಲ, ಆಗ ಬಾಗಿಲು ತೆರೆಯಿತು, ಹೊರಗೆ ಅಂಗಡಿಯವನ ಜೊತೆ ಸ್ನೇಪ್ ನಿಂತಿದ್ದ ಅನ್ನುತ್ತಾಳೆ. ಆಕೆ ನೋಡಿದ್ದಾಳೆ ಅಂದರೆ ನುಡಿ ಮುಗಿದು ಎಚ್ಚರ ಬಂದಿತ್ತು. ಹಾಗಾದರೆ ಸ್ನೇಪ್ ಕೊನೆಯ ತನಕ ಅಲ್ಲೇ ಇದ್ದ, ಪೂರ್ತಿ ಕೇಳಿದ್ದ ಅಂತ ವಾದ.

ಎರಡೂ ಮಾತು ಒಟ್ಟಿಗೆ ನಿಲ್ಲುತ್ತವೆ. ಬಾಗಿಲ ಹತ್ತಿರ ಇರುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ನುಡಿ ಶುರುವಾದ ಸ್ವಲ್ಪದರಲ್ಲಿ ಅಂಗಡಿಯವ ಅಬರ್ಫೋರ್ತ್ ಹಿಡಿದ, ಕಾರಿಡಾರಿನಲ್ಲಿ ಎಳೆದಾಟ ಆಯಿತು, ಆ ಗದ್ದಲದಲ್ಲಿ ಉಳಿದದ್ದು ಕೇಳಿಸಲಿಲ್ಲ, ಬಾಗಿಲು ತೆರೆಯುವ ಹೊತ್ತಿಗೆ ಒಳಗೆ ಮುಗಿದಿತ್ತು. ಹೊರಗೆ ಗದ್ದಲ ಆದದ್ದನ್ನು ಟ್ರೆಲಾನಿಯೇ ಹೇಳುತ್ತಾಳೆ.

ದಕ್ಕೆ_ಬಂದರ್:

ಪೂರ್ತಿ ಕೇಳಿ ಬೇಕಂತಲೇ ಅರ್ಧ ಹೇಳಿದ ಅನ್ನುವವರೂ ಇದ್ದಾರೆ. ಆಗ ಸ್ನೇಪ್ ವೋಲ್ಡೆಮಾರ್ಟನ ಕಡೆಯವ, ಮುಚ್ಚಿಡಲಿಕ್ಕೆ ಅವನಿಗೆ ಕಾರಣವೇ ಇರಲಿಲ್ಲ. ಅವನು ತಿರುಗಿ ಬಿದ್ದದ್ದು ಗುರಿ ಹ್ಯಾರಿಯ ಅಮ್ಮ ಲಿಲಿಯ ಮನೆ ಅಂತ ಗೊತ್ತಾದ ಮೇಲೆ. ಅಷ್ಟು ಹೊತ್ತಿಗೆ ಹೇಳುವುದನ್ನೆಲ್ಲ ಹೇಳಿ ಆಗಿತ್ತು.